ಹೈಬ್ರಿಡ್ ಆ್ಯಪ್: ಜಾಲಪುಟಕ್ಕೊಂದು ಕವಚ

ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರನ್ನು ಬಿಟ್ಟಾಗ ಹಂಪಿಯ ನದೀತೀರದಲ್ಲಿರುವ ಪುರಂದರ ಮಂಟಪವು ಮುಳುಗುವುದು. ಇನ್ನೂ ಕೆಳಗೆ, ಕಂಪ್ಲಿಯನ್ನು ಗಂಗಾವತಿಯ ಕಡೆಗೆ ಸೇರಿಸುವ ತಗ್ಗಾದ ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಂತುಹೋಗುವುದೂ ಉಂಟು. ೨೦೨೪ನೆಯ ಇಸವಿ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದು ಕೊಚ್ಚಿಹೋದುದನ್ನು ವಾಚಕರು ಮರೆತಿರಲಾರರು. ಅಂಥ ಹೊತ್ತಿನಲ್ಲಿ ನದಿಯ ಕೆಳಗಿನವರಿಗೆ ಬೇಕಾದುದು ಒಂದೇ ಅಂಕಿ: ಈಗ ಹೊರಹರಿವು ಎಷ್ಟು?

ಆ ಅಂಕಿಯನ್ನು ತಿಳಿಸುವ ಆ್ಯಪ್ ಒಂದನ್ನು ಹೊಸಪೇಟೆಯ ವಿದ್ಯಾರ್ಥಿಗಳು ತಯಾರಿಸಲು ಹೊರಟರೆಂದು ಭಾವಿಸೋಣ. ಮೊದಲನೆಯ ತೊಡಕು ಫೋನುಗಳಲ್ಲಿಯೇ ಇದೆ. ಆಂಡ್ರಾಯ್ಡ್ ಫೋನಿಗೆ ಕಾಟ್ಲಿನ್ ಅಥವಾ ಜಾವಾ ಭಾಷೆಯಲ್ಲಿಯೂ ಐಫೋನಿಗೆ ಸ್ವಿಫ್ಟ್ ಭಾಷೆಯಲ್ಲಿಯೂ ಬರೆಯುವುದು ವಾಡಿಕೆ. ಒಂದೇ ಕೆಲಸವನ್ನು ಎರಡು ಸಲ ಬರೆಯಬೇಕು. ತಿದ್ದುವಾಗಲೂ ಎರಡು ಕಡೆ ತಿದ್ದಬೇಕು. ಆದರೆ ಎರಡು ಬಗೆಯ ಫೋನುಗಳೂ ಅರಿಯುವ ಭಾಷೆಗಳು ಇಲ್ಲದಿಲ್ಲ. ಜಾಲಪುಟಗಳನ್ನು ಕಟ್ಟುವ ಎಚ್‌ಟಿಎಂಎಲ್, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಇಂಥವು. ಪುಟದಲ್ಲಿ ಏನಿದೆ ಎಂಬುದನ್ನು ಮೊದಲನೆಯದು, ಅದು ಹೇಗೆ ಕಾಣಬೇಕೆಂಬುದನ್ನು ಎರಡನೆಯದು, ಏನು ಮಾಡಬೇಕೆಂಬುದನ್ನು ಮೂರನೆಯದು ಹೇಳುತ್ತದೆ.

ಹಾಗಾದರೆ ಜಾಲಪುಟವನ್ನೇ ಮಾಡಿದರೆ ಸಾಲದೆ? ಬಹಳ ಮಟ್ಟಿಗೆ ಸಾಕು. ಆ್ಯಪ್ ಬೇಕೇ ಬೇಕೆಂಬ ಹಟ ಎಷ್ಟೋ ಕಡೆ ಅನಾವಶ್ಯಕವೆಂದೇ ನನ್ನ ಅಭಿಪ್ರಾಯ. ಆದರೆ ಕಿಸೆಯಲ್ಲಿರುವ ಫೋನು ಕಂಪ್ಲಿಯ ಸೇತುವೆಗೆ ಒಂದು ಕಿಲೋಮೀಟರು ಹತ್ತಿರ ಬಂದೊಡನೆ ತಾನೇ ಎಚ್ಚರಿಸಬೇಕೆಂದರೆ ಜಾಲಪುಟದಿಂದ ಆಗದು. ತೆರೆದಿರುವ ಪುಟಕ್ಕೆ ನಮ್ಮ ಅನುಮತಿಯ ಮೇಲೆ ಸ್ಥಳವನ್ನು ತಿಳಿಸುವ ಬ್ರೌಸರು, ಮುಚ್ಚಿದ ಪುಟಕ್ಕೆ ತಿಳಿಸುವುದಿಲ್ಲ. ತಿಳಿಸಬಾರದು ಕೂಡ, ಎಲ್ಲಿಯದೋ ಪುಟವೊಂದು ನಮ್ಮ ಹಿಂದೆಯೇ ಅಲೆಯುವುದು ಯಾರಿಗೂ ಬೇಡ.

ಇಲ್ಲಿಯೇ ಹೈಬ್ರಿಡ್ ಉಪಾಯ ಒದಗುವುದು. ಹೈಬ್ರಿಡ್ ಜೋಳದಲ್ಲಿ ಎರಡು ತಳಿಗಳು ಕೂಡುವಂತೆ ಇಲ್ಲಿ ಜಾಲಪುಟವೂ ಫೋನಿನ ಸ್ವಂತ ಆ್ಯಪೂ ಕೂಡುತ್ತವೆ. ಹೊರಗೆ ಫೋನಿನ ಸ್ವಂತ ಭಾಷೆಯಲ್ಲಿ ಬರೆದ ತೆಳುವಾದ ಕವಚ. ಅದರೊಳಗೆ ವೆಬ್‌ವ್ಯೂ, ಅಂದರೆ ವಿಳಾಸಪಟ್ಟಿಯೂ ಗುಂಡಿಗಳೂ ಇಲ್ಲದ ಬ್ರೌಸರು. ಅದು ತೋರಿಸುವ ಪುಟಗಳು ಆ್ಯಪಿನೊಡನೆಯೇ ಫೋನಿಗೆ ಇಳಿದು ಅಲ್ಲಿಯೇ ನೆಲಸಿರುತ್ತವೆ. ಪುಟಕ್ಕೂ ಕವಚಕ್ಕೂ ನಡುವೆ ಮಾತುಕತೆಯ ದಾರಿಯೊಂದುಂಟು. ಬ್ರಿಜ್ ಎಂದೇ ಅದರ ಹೆಸರು. ಕಂಪ್ಲಿಯ ಸೇತುವೆಯೊಡನೆ ಬೆರೆಯದಿರಲೆಂದು ನಾವು ಕಿಂಡಿ ಎನ್ನೋಣ. “ಈ ಅಕ್ಷಾಂಶ, ಈ ರೇಖಾಂಶ, ಒಂದು ಕಿಲೋಮೀಟರಿನ ತ್ರಿಜ್ಯ; ಈ ವೃತ್ತದೊಳಗೆ ಬಂದರೆ ತಿಳಿಸು” ಎಂದು ಜಾವಾಸ್ಕ್ರಿಪ್ಟ್ ಕಿಂಡಿಯಲ್ಲಿ ಹೇಳುತ್ತದೆ. ಪ್ಲಗಿನ್ ಎಂಬ ದುಭಾಷಿ ಅದನ್ನು ಫೋನಿನ ಭಾಷೆಗೆ ತಿರುಗಿಸಿ ಒಪ್ಪಿಸುತ್ತದೆ. ಉತ್ತರ ಬರುವವರೆಗೆ ಪುಟವು ಸ್ತಬ್ಧವಾಗಿ ಕಾಯುವುದಿಲ್ಲ. ಬಂದಾಗ ಮಾಡತಕ್ಕದ್ದನ್ನು ಮೊದಲೇ ಬರೆದಿಟ್ಟು ತನ್ನ ಕೆಲಸವನ್ನು ಮುಂದುವರಿಸುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಈ ಉಪಾಯವನ್ನು ಪ್ರಚಾರಕ್ಕೆ ತಂದುದು ಕೆನಡಾದ ನಿಟೋಬಿ ಸಂಸ್ಥೆಯ ಫೋನ್‌ಗ್ಯಾಪ್. ೨೦೧೧ರಲ್ಲಿ ಅಡೋಬಿಯು ಆ ಸಂಸ್ಥೆಯನ್ನು ಕೊಂಡಿತು. ಅದರ ಮೂಲ ಬರಹ ಅಪಾಚೆ ಪ್ರತಿಷ್ಠಾನಕ್ಕೆ ಸೇರಿ ಕಾರ್ಡೋವಾ ಎನಿಸಿತು. ಇಂದು ಪ್ರಾರಂಭಿಸುವವರಿಗೆ ಅಯಾನಿಕ್ ತಂಡದ ಕೆಪಾಸಿಟರ್ ಅನುಕೂಲ. (ವಿದ್ಯುತ್ತಿನ ಪಾಠದಲ್ಲಿ ಬರುವ ಕೆಪಾಸಿಟರಿಗೂ ಇದಕ್ಕೂ ಸಂಬಂಧವಿಲ್ಲ.) ಚಿತ್ರಗಳು ವೇಗವಾಗಿ ಚಲಿಸುವ ಆಟಗಳಿಗೆ ಈ ಮಾರ್ಗ ಅಷ್ಟು ಒಗ್ಗುವುದಿಲ್ಲ, ನಮ್ಮ ಅಂಕಿಗೆ ಧಾರಾಳವಾಗಿ ಸಾಕು.

ಪುಟಗಳು ಫೋನಿನಲ್ಲಿಯೇ ಇರುವುದರ ಬೆಲೆ ಸಂಡೂರಿನ ಬೆಟ್ಟಗಳ ನಡುವೆ ತಿಳಿಯುತ್ತದೆ. ೯೦೦ ಮೆಗಾಹರ್ಟ್ಸ್ ಆವೃತ್ತಿಯ ಮೊಬೈಲ್ ತರಂಗದಲ್ಲಿ ಅಲೆಯ ಉದ್ದ ಸುಮಾರು ೩೩ ಸೆಂಟಿಮೀಟರು. ಇಷ್ಟು ಚಿಕ್ಕ ಅಲೆ ಬೆಟ್ಟದಂಥ ಅಡ್ಡಿಯನ್ನು ಬಳಸಿಕೊಂಡು ಹೆಚ್ಚು ಬಾಗಲಾರದು. ಆದುದರಿಂದ ಬೆಟ್ಟದ ಮರೆಯಲ್ಲಿ ಸಂಪರ್ಕ ಕಡಿಯುವುದು. ಜಿಪಿಎಸ್ ಉಪಗ್ರಹಗಳಾದರೋ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿವೆ. ಆಕಾಶ ತೆರೆದಿದ್ದರೆ ಅವುಗಳ ಸಂಕೇತ ದೊರೆಯುತ್ತದೆ. ಜಾಲವಿಲ್ಲದಿದ್ದರೂ ಆ್ಯಪ್ ತೆರೆಯುವುದು, ಸ್ಥಳವೂ ತಿಳಿಯುವುದು.

ಅಪಾಯವಿರುವುದೂ ಇಲ್ಲಿಯೇ. ಬೆಳಗ್ಗೆ ಸಂಡೂರು ಪಟ್ಟಣದಲ್ಲಿ ೨೦,೦೦೦ ಕ್ಯೂಸೆಕ್ಸ್ ಎಂದು ದೊರೆತ ಅಂಕಿಯನ್ನು ಆ್ಯಪ್ ನೆನಪಿಟ್ಟುಕೊಂಡಿತು. ಅದನ್ನು ಹೊತ್ತವನು ಬೆಟ್ಟದಲ್ಲಿದ್ದಾಗ ಹೊರಹರಿವು ೧,೫೦,೦೦೦ಕ್ಕೆ ಏರಿತೆನ್ನಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು ೨೮.೩ ಲೀಟರು. ಅಲ್ಲಿಗೆ ನದಿಯಲ್ಲಿ ಸೆಕೆಂಡಿಗೆ ಸುಮಾರು ೪,೨೫೦ ಘನಮೀಟರು ನೀರು. ಫೋನು ಬೆಳಗಿನ ಅಂಕಿಯನ್ನೇ ತೋರಿಸುತ್ತಿದೆ. ಅವನು ಕಂಪ್ಲಿಯ ದಾರಿ ಹಿಡಿಯುತ್ತಾನೆ. ಆದುದರಿಂದ ಅಂಕಿಯೊಡನೆ ಅದು ಬಂದ ಗಳಿಗೆಯನ್ನೂ ಉಳಿಸಿ, ಇಂತಿಷ್ಟು ಹೊತ್ತು ಮೀರಿದರೆ ಅಂಕಿಯನ್ನು ಮರೆಮಾಡಿ “ಹಳೆಯ ಮಾಹಿತಿ” ಎಂದೇ ತೋರಿಸಬೇಕು.

ಇದಕ್ಕಿಂತ ಗುಪ್ತವಾದ ದೋಷ ಇನ್ನೊಂದಿದೆ. ಅಂಕಿಯ ಜಾಗದಲ್ಲಿ ಏನೂ ಬಾರದೆ ಖಾಲಿ ಪಠ್ಯ ಬಂದಿತೆನ್ನಿ. ಅದನ್ನು ಸಂಖ್ಯೆಯಾಗಿ ಮಾರ್ಪಡಿಸೆಂದರೆ ಜಾವಾಸ್ಕ್ರಿಪ್ಟ್ ಆಕ್ಷೇಪಿಸದೆ ಸೊನ್ನೆಯನ್ನು ಕೊಡುತ್ತದೆ. ತಿಳಿಯದು ಎಂಬುದು “ಹೊರಹರಿವು ೦” ಎಂದು ತೆರೆಯ ಮೇಲೆ ಮೂಡುವುದು. ಮಾರ್ಪಡಿಸುವ ಮುನ್ನವೇ ಖಾಲಿಯೆ ಅಲ್ಲವೆ ಎಂದು ವಿಚಾರಿಸತಕ್ಕದ್ದು.

ಆ್ಯಪನ್ನು ಹೀಗೆ ಪರೀಕ್ಷಿಸಬಹುದು. ಒಮ್ಮೆ ಅಂಕಿಯನ್ನು ತರಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಗಡಿಯಾರವನ್ನು ಆರು ಗಂಟೆ ಮುಂದಕ್ಕೆ ತಿರುಗಿಸಿ. ಆ್ಯಪನ್ನು ಪೂರ್ಣವಾಗಿ ಮುಚ್ಚಿ ಮತ್ತೆ ತೆರೆಯಿರಿ. ಬಳಿಕ ಅಂಕಿಯ ಬದಲು ಖಾಲಿ ಪಠ್ಯವನ್ನು ಕೊಟ್ಟು ನೋಡಿ. ಎರಡು ಸಲವೂ ತೆರೆಯ ಮೇಲೆ ಯಾವ ಸಂಖ್ಯೆಯೂ ಕಾಣಿಸಿಕೊಳ್ಳಬಾರದು.