ಪ್ಲೈವುಡ್ ಆಮದು: ದೇಶವಾರು ಮೌಲ್ಯವನ್ನು ಹೋಲಿಸುವ ಬಗೆ

ಭಾರತದ ವಿದೇಶ ವ್ಯಾಪಾರದ ಅಂಕಿಅಂಶಗಳನ್ನು ಕೋಲ್ಕತ್ತದ ವಾಣಿಜ್ಯ ಮಾಹಿತಿ ಮತ್ತು ಅಂಕಿಸಂಖ್ಯೆಗಳ ಮಹಾನಿರ್ದೇಶನಾಲಯವು ಸಂಗ್ರಹಿಸುತ್ತದೆ. ಇದರಲ್ಲಿ ಪ್ಲೈವುಡ್ಡಿಗೆ ಮೀಸಲಾದುದು 4412ನೆಯ ಶೀರ್ಷಿಕೆ. ಪ್ರತಿಯೊಂದು ದೇಶಕ್ಕೂ ಆಮದಿನ ಮೌಲ್ಯ ಮತ್ತು ಘನ ಮೀಟರುಗಳಲ್ಲಿ ಅದರ ಪ್ರಮಾಣ ದಾಖಲಾಗಿರುತ್ತವೆ. ಅಗ್ಗದ ಸರಕು ಬಂದು ಸುರಿಯುತ್ತಿದೆ ಎಂಬ ದೂರಾಗಲಿ, ಸುಂಕ ಏರಿಸಬೇಕೆಂಬ ಬೇಡಿಕೆಯಾಗಲಿ ಹುಟ್ಟುವುದು ಈ ಅಂಕಿಗಳಿಂದಲೇ. ಅವನ್ನು ತಪ್ಪಾಗಿ ಓದಿದರೆ ಹರಿಯಾಣದ ಯಮುನಾನಗರದ ಕಾರ್ಖಾನೆಗಳಿಗಷ್ಟೇ ಅಲ್ಲ, ಅವುಗಳಿಗೆ ಪಾಪ್ಲರ್ ಮರ ಬೆಳೆದುಕೊಡುವ ರೈತರಿಗೂ ಅದರ ಪರಿಣಾಮ ತಟ್ಟುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ‘ಅ’ ದೇಶದಿಂದ 10 ಕೋಟಿ ರೂಪಾಯಿಗೆ 4,000 ಘನ ಮೀಟರ್, ‘ಆ’ ದೇಶದಿಂದ 9 ಕೋಟಿ ರೂಪಾಯಿಗೆ 2,000 ಘನ ಮೀಟರ್ ಪ್ಲೈವುಡ್ ಬಂದಿದೆ ಎಂದಿಟ್ಟುಕೊಳ್ಳೋಣ. ಮೌಲ್ಯದಲ್ಲಿ ಎರಡೂ ಹೆಚ್ಚುಕಡಿಮೆ ಸಮಾನ. ಆದರೆ ಘನ ಮೀಟರೊಂದಕ್ಕೆ ಮೊದಲನೆಯದು 25,000 ರೂಪಾಯಿ, ಎರಡನೆಯದು 45,000 ರೂಪಾಯಿ. ಇಷ್ಟರಿಂದಲೇ ‘ಅ’ ದೇಶದ ಮೇಲೆ ಡಂಪಿಂಗ್ ಆರೋಪ ಹೊರಿಸುವುದು ಸರಿಯಲ್ಲ. ಮೆದುಮರದ ಸಾಧಾರಣ ಹಲಗೆಯೂ ಉಷ್ಣವಲಯದ ಗಟ್ಟಿಮರದ ಹೊರಪದರವಿರುವ ಹಲಗೆಯೂ ಒಂದೇ ಶೀರ್ಷಿಕೆಯಲ್ಲಿವೆ. ಬಿದಿರಿನ ಪ್ಲೈವುಡ್ ಕೂಡ ಅಲ್ಲಿಯೇ ಇದೆ. ಆದುದರಿಂದ ಉಪಶೀರ್ಷಿಕೆಗಳ ಮಟ್ಟಕ್ಕಿಳಿದು, ಒಂದೇ ಬಗೆಯ ಸರಕನ್ನು ಹೋಲಿಸುವುದು ಅವಶ್ಯಕ.

ಮೌಲ್ಯದೊಳಗೆ ಏನೇನು ಸೇರಿದೆ ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಭಾರತದ ಆಮದು ಮೌಲ್ಯದಲ್ಲಿ ಸರಕಿನ ಬೆಲೆಯ ಜೊತೆಗೆ ಸಾಗಣೆ ವೆಚ್ಚವೂ ವಿಮೆಯೂ ಸೇರಿರುತ್ತವೆ. ಸಾಗಣೆ ವೆಚ್ಚ ಎಷ್ಟೆಂದು ತಿಳಿಯದಿದ್ದಾಗ, 2007ರ ಸೀಮಾಸುಂಕ ಮೌಲ್ಯನಿರ್ಧಾರ ನಿಯಮಗಳ ಪ್ರಕಾರ, ಹಡಗು ಹತ್ತಿಸುವವರೆಗಿನ ಬೆಲೆಯ ಶೇಕಡಾ 20ರಷ್ಟನ್ನು ಅದಕ್ಕಾಗಿ ಸೇರಿಸಲಾಗುತ್ತದೆ. ನೇಪಾಳದ ಸರಕು ಲಾರಿಯಲ್ಲಿ ಗಡಿ ದಾಟಿ ಬರುತ್ತದೆ. ವಿಯೆಟ್ನಾಂ, ಇಂಡೊನೇಷ್ಯಾಗಳ ಸರಕು ಸಮುದ್ರ ದಾಟಬೇಕು. ಘನ ಮೀಟರಿನ ಬೆಲೆ ಹೆಚ್ಚಾದ ಮಾತ್ರಕ್ಕೆ ಅಲ್ಲಿನ ಕಾರ್ಖಾನೆಗೆ ಹೆಚ್ಚು ಹಣ ದೊರೆಯಿತೆಂದು ಹೇಳಲಾಗದು. ರಫ್ತು ದೇಶದ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆಯಾಗದಿರಲು ಇದೂ ಒಂದು ಕಾರಣ. ಅನೇಕರು ಇದನ್ನು ಕಳ್ಳಲೆಕ್ಕವೆಂದು ಆತುರದಿಂದ ಶಂಕಿಸುವುದುಂಟು. ಸುಂಕವಂತೂ ಈ ಮೌಲ್ಯದಲ್ಲಿ ಸೇರಿಲ್ಲ. ನೇಪಾಳದೊಡನೆ ಪ್ರತ್ಯೇಕ ವ್ಯಾಪಾರ ಒಪ್ಪಂದವಿದೆ. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳೊಡನೆ 2010ರಲ್ಲಿ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತು. ಹೀಗಾಗಿ ಪಟ್ಟಿಯಲ್ಲಿ ಸಮಾನ ಮೌಲ್ಯವಿರುವ ಎರಡು ಹಲಗೆಗಳು ಅಂಗಡಿಯಲ್ಲಿ ಬೇರೆ ಬೇರೆ ಬೆಲೆಗೆ ದೊರೆಯಬಹುದು.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ವಿನಿಮಯ ದರವನ್ನೂ ಗಮನಿಸಬೇಕು. 1991ರ ಜುಲೈನಲ್ಲಿ ರೂಪಾಯಿಯ ಅಪಮೌಲ್ಯವಾದಾಗ, ಒಂದು ಹಲಗೆಯೂ ಹೆಚ್ಚಾಗಿ ಬಾರದೆ ಆಮದಿನ ರೂಪಾಯಿ ಮೊತ್ತ ಏರುವಂತಾಯಿತು.

ಕಡೆಯದಾಗಿ, ಪ್ಲೈವುಡ್ ಪಟ್ಟಿಯಲ್ಲಿ ಕಾಣದ ದೇಶಗಳ ವಿಚಾರ. ಹಲಗೆಯ ಮೇಲ್ಮೈಗೆ ಅಂಟಿಸುವ ಗರ್ಜನ್ ಮರದ ತೆಳುಪದರಕ್ಕಾಗಿ ಭಾರತೀಯ ಕಾರ್ಖಾನೆಗಳು ಬಹುಕಾಲ ಮ್ಯಾನ್ಮಾರಿನ ದಿಮ್ಮಿಗಳನ್ನೇ ನೆಚ್ಚಿಕೊಂಡಿದ್ದವು. 2014ರ ಏಪ್ರಿಲ್ 1ರಿಂದ ಆ ದೇಶ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. ಆಫ್ರಿಕದ ಗಬಾನ್ 2010ರಲ್ಲಿಯೇ ಅದೇ ಹೆಜ್ಜೆಯಿಟ್ಟಿತ್ತು. ಭಾರತೀಯ ಉದ್ಯಮಿಗಳು ಅಲ್ಲಿಯೇ ಕಾರ್ಖಾನೆ ತೆರೆದು ಒಕುಮೆ ಮರದ ಪದರಗಳನ್ನು ಕಳುಹಿಸತೊಡಗಿದರು. ಇಂಥ ಪದರಗಳು 4408ನೆಯ ಶೀರ್ಷಿಕೆಗೂ ದಿಮ್ಮಿಗಳು 4403ಕ್ಕೂ ಸೇರುತ್ತವೆ. ನಾವು ಯಾವ ದೇಶದ ಕಾಡನ್ನು ಎಷ್ಟು ಅವಲಂಬಿಸಿದ್ದೇವೆ ಎಂದು ಅರಿಯಬಯಸುವವರು ಈ ಮೂರೂ ಶೀರ್ಷಿಕೆಗಳನ್ನು ಒಟ್ಟಿಗೆ ತೆರೆದಿಟ್ಟುಕೊಳ್ಳಬೇಕಾಗುತ್ತದೆ.