ಕೀಬೋರ್ಡ್ ತರುವ ಮುಂಚೆ ಪಕ್ಕದ ಕೋಣೆಯಲ್ಲಿ ಯಾರು ಮಲಗುತ್ತಾರೆ ನೋಡಿ

ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದ ಕೋಣೆಯಿಂದ ಅಮ್ಮನ ದನಿ: ‘ಯಾರೋ ಅದು, ಇಷ್ಟು ಹೊತ್ತಿನಲ್ಲಿ ಅಡಕತ್ತರಿ ಹಿಡಿದು ಕೂತಿರೋದು?’

ಅಡಕತ್ತರಿಯಲ್ಲ, ಅಂದು ತಾನೇ ಮನೆಗೆ ಬಂದಿದ್ದ ಮೆಕ್ಯಾನಿಕಲ್ ಕೀಬೋರ್ಡು. ನೀಲಿ ಸ್ವಿಚ್ಚಿನದು. ಅಂಗಡಿಯ ಗದ್ದಲದಲ್ಲಿ ನಾಲ್ಕು ಕೀಲಿ ಒತ್ತಿ ನೋಡಿದಾಗ ಕಿವಿಗೆ ಹಿತವಾಗಿದ್ದ ಆ ‘ಟಕ್’ ಸದ್ದು, ಎರಡು ಕೋಣೆಯ ಮನೆಯ ಮೌನದಲ್ಲಿ ಬೇರೆಯೇ ಆಗಿತ್ತು. ಮೂರನೇ ವಾರಕ್ಕೆ ಅದು ತಂಗಿಯ ಮನೆ ಸೇರಿತು. ನಮ್ಮಲ್ಲಿ ಇರುವುದು ಒಂದೇ ಮೇಜು, ಒಂದೇ ಕಂಪ್ಯೂಟರು. ಹಗಲು ನಾನು ಕನ್ನಡ ಟೈಪು ಮಾಡುತ್ತೇನೆ, ರಾತ್ರಿ ಮಗ ವ್ಯಾಲರಂಟ್ ಆಡುತ್ತಾನೆ. ಇಬ್ಬರಿಗೂ ಒಗ್ಗುವ ಕೀಬೋರ್ಡು ಹುಡುಕುತ್ತಾ ಹೋದಾಗ ತಿಳಿದದ್ದು ಇಷ್ಟು: ಎಲ್ಲರೂ ಮೊದಲು ಸ್ವಿಚ್ಚಿನ ಬಣ್ಣ ಕೇಳುತ್ತಾರೆ, ಆದರೆ ಅದನ್ನು ಕೊನೆಯ ಹೊತ್ತಿಗೆ ಕೇಳಿದರೂ ನಡೆಯುತ್ತದೆ.

ಮೆಕ್ಯಾನಿಕಲ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸಾಮಾನ್ಯ ಕೀಬೋರ್ಡಿನೊಳಗೆ ಒಂದು ರಬ್ಬರ್ ಹಾಳೆ ಇರುತ್ತದೆ. ಕೀಲಿ ಒತ್ತಿದರೆ ಅದರ ಮೇಲಿನ ಗುಬುಟು ಕುಸಿದು ಕೆಳಗಿನ ಪದರಕ್ಕೆ ತಾಗುತ್ತದೆ. ಅಕ್ಷರ ಮೂಡಬೇಕಾದರೆ ತಳದವರೆಗೆ ಒತ್ತಲೇಬೇಕು. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಲಿಗೂ ತನ್ನದೇ ಸ್ವಿಚ್ಚು, ಅದರೊಳಗೆ ಸ್ಪ್ರಿಂಗು ಮತ್ತು ಲೋಹದ ಪಟ್ಟಿ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚೇ ಇವತ್ತಿಗೂ ಅಳತೆಗೋಲು: ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2 ಮಿಲಿಮೀಟರ್ ಇಳಿಯುವಷ್ಟರಲ್ಲೇ ಅಕ್ಷರ ಮೂಡಿರುತ್ತದೆ. ಬ್ಯಾಂಕಿನಲ್ಲೋ ಡಿಟಿಪಿ ಅಂಗಡಿಯಲ್ಲೋ ಎತ್ತರದ, ಭಾರದ, ಮಳೆ ಸುರಿದಂತೆ ಸದ್ದು ಮಾಡುವ ಟಿವಿಎಸ್ ಗೋಲ್ಡ್ ಕೀಬೋರ್ಡನ್ನು ಕಂಡಿರುತ್ತೀರಿ. ಅದೂ ಇದೇ ಜಾತಿಯದು. ಹಾಗಾಗಿ ಇದು ಗೇಮಿಂಗ್ ಹುಡುಗರು ಹೊಸದಾಗಿ ಹುಟ್ಟುಹಾಕಿದ ಶೋಕಿ ಏನಲ್ಲ.

ಮೊದಲ ಹೆಜ್ಜೆ: ಅಳತೆ

ಈ ಪುರವಣಿಯ ಒಂದು ಹಾಳೆಯನ್ನು 44 ಸೆಂಟಿಮೀಟರ್ ಉದ್ದಕ್ಕೆ ಮಡಚಿ ಮೇಜಿನ ಮೇಲೆ ಇಡಿ. ಫುಲ್ ಸೈಜ್ ಅಂದರೆ 104 ಕೀಲಿಗಳ ಕೀಬೋರ್ಡು ಹೆಚ್ಚುಕಡಿಮೆ ಅಷ್ಟು ಜಾಗ ನುಂಗುತ್ತದೆ. ಅದನ್ನೇ 36ಕ್ಕೆ ಮಡಚಿದರೆ ಟಿಕೆಎಲ್, ಅಂದರೆ ಬಲಗಡೆಯ ಅಂಕಿಗಳ ಗುಂಪನ್ನು ತೆಗೆದ 87 ಕೀಲಿಗಳದು. 32ರ ಸುಮಾರಿಗೆ 75 ಪರ್ಸೆಂಟ್, 30ರ ಒಳಗೆ 60 ಪರ್ಸೆಂಟ್. ಉಳಿದ ಜಾಗದಲ್ಲಿ ಮೌಸ್ ಆಡಿಸಿ ನೋಡಿ. ಗೇಮ್ ಆಡುವವರು ಮೌಸನ್ನು ದೂರ ದೂರ ಎಳೆಯುತ್ತಾರೆ. ಫುಲ್ ಸೈಜ್ ಇಟ್ಟರೆ ಬಲಗೈ ಹೊರಕ್ಕೆ ತಳ್ಳಿದಂತಾಗಿ ಸಂಜೆಯಾಗುವಾಗ ಭುಜ ಹಿಡಿದುಕೊಳ್ಳುತ್ತದೆ.

ಹಾಗೆಂದು ಎಲ್ಲರೂ ಚಿಕ್ಕದನ್ನೇ ತರಬೇಕಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಫುಲ್ ಸೈಜೇ ಸರಿ. ಅಂಕಿಗಳ ಗುಂಪಿಲ್ಲದೆ ದಿನ ಸಾಗದು, ಎಫ್5ರಿಂದ ಎಫ್9ರವರೆಗಿನ ಕೀಲಿಗಳಿಲ್ಲದೆ ಪೇಮೆಂಟೂ ಸೇಲ್ಸೂ ನಡೆಯವು.

ಕನ್ನಡದಲ್ಲಿ ಟೈಪು ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು, ಇದನ್ನು ಯಾವ ಇಂಗ್ಲಿಷ್ ವಿಡಿಯೊವೂ ಹೇಳುವುದಿಲ್ಲ. ನೀವು ಇನ್‌ಸ್ಕ್ರಿಪ್ಟ್ ಬಳಸುವವರಾದರೆ ಕೊ, ಮೊ, ತೊ ಬರೆಯಲು ಬೇಕಾದ ಹ್ರಸ್ವ ಒಕಾರದ ಗುರುತು ಇರುವುದು 1ರ ಎಡಪಕ್ಕದ, ಟಿಲ್ಡೆ ಇರುವ ಕೀಲಿಯಲ್ಲಿ. 60 ಪರ್ಸೆಂಟ್ ಕೀಬೋರ್ಡಿನಲ್ಲಿ ಆ ಜಾಗಕ್ಕೆ ಎಸ್ಕೇಪ್ ಬಂದು ಕೂತಿರುತ್ತದೆ. ಟಿಲ್ಡೆ ಬೇಕೆಂದರೆ ಎಫ್ಎನ್ ಒತ್ತಿ ಹಿಡಿಯಬೇಕು. ‘ಕೊಡು’ ಎಂದು ಬರೆಯಲು ಪ್ರತಿ ಸಲ ಎರಡು ಕೈಯ ಸರ್ಕಸ್ಸು. 65 ಪರ್ಸೆಂಟಿನ ಬಹಳಷ್ಟು ಮಾದರಿಗಳದೂ ಇದೇ ಪಾಡು. ನುಡಿ ತಂತ್ರಾಂಶದ ಹಳೆಯ ಆವೃತ್ತಿಯವರದು ಇನ್ನೊಂದು ತೊಂದರೆ: ಕನ್ನಡ ಇಂಗ್ಲಿಷ್ ನಡುವೆ ದಾಟಲು ಅವರು ಒತ್ತುವುದು ಸ್ಕ್ರಾಲ್ ಲಾಕ್. 75 ಪರ್ಸೆಂಟ್ ಕೀಬೋರ್ಡುಗಳಲ್ಲಿ ಆ ಕೀಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಟಿಕೆಎಲ್‌ನಲ್ಲಿ ಇರುತ್ತದೆ. ಕನ್ನಡದ ಕೆಲಸ, ರಾತ್ರಿ ಆಟ, ಎರಡಕ್ಕೂ ಒಂದೇ ಸಾಕು ಎನ್ನುವವರಿಗೆ ನನ್ನ ಓಟು ಟಿಕೆಎಲ್‌ಗೇ.

ಲಂಡನ್ನಿನಿಂದ ಬರುವ ನೆಂಟರ ಕೈಲಿ ತರಿಸುವವರಿಗೂ ಒಂದು ಮಾತು. ಅಲ್ಲಿ ಮಾರುವುದು ಹೆಚ್ಚಾಗಿ ಐಎಸ್ಒ ವಿನ್ಯಾಸ. ಎಂಟರ್ ಕೀಲಿ ಎತ್ತರ, ಎಡಗಡೆಯ ಶಿಫ್ಟ್ ಗಿಡ್ಡ. ನುಡಿಯ ಕಗಪ ವಿನ್ಯಾಸದಲ್ಲಿ ಳ, ಣ ಎರಡಕ್ಕೂ ಶಿಫ್ಟ್ ಬೇಕು, ಎರಡೂ ಬಲಗೈ ಕಡೆಯ ಕೀಲಿಗಳಾದ್ದರಿಂದ ಶಿಫ್ಟ್ ಒತ್ತುವುದು ಎಡಗೈ ಕಿರುಬೆರಳು. ‘ಗಳು’ ಇಲ್ಲದ ಕನ್ನಡದ ಪ್ಯಾರಾ ಎಲ್ಲಿದೆ ಹೇಳಿ. ಆ ಕಿರುಬೆರಳಿಗೆ ಅಗಲವಾದ ಶಿಫ್ಟೇ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆನ್ಸಿ ವಿನ್ಯಾಸದಲ್ಲಿ ಅದು ಅಗಲವಾಗಿಯೇ ಇದೆ.

ಎರಡನೆಯದು: ಹಾಟ್‌ಸ್ವಾಪ್ ಇದೆಯೇ ಕೇಳಿ

ಹಾಟ್‌ಸ್ವಾಪ್ ಎಂದರೆ ಬೆಸುಗೆ ಬಿಡಿಸದೆ ಸ್ವಿಚ್ಚನ್ನು ಕಿತ್ತು ಬೇರೆಯದನ್ನು ಕೂರಿಸಬಹುದು ಎಂದರ್ಥ. ಇದೊಂದು ಇದ್ದರೆ ಬಣ್ಣದ ಚಿಂತೆ ಅರ್ಧ ಕಡಿಮೆ. ನನ್ನ ನೀಲಿ ಕೀಬೋರ್ಡಿಗೆ ಇದಿದ್ದರೆ ಅದು ತಂಗಿಯ ಮನೆಗೆ ಹೋಗುತ್ತಿರಲಿಲ್ಲ. ಈಗ ₹3,000ದ ಆಸುಪಾಸಿನ ಕೀಬೋರ್ಡುಗಳಲ್ಲೂ ಈ ಸೌಲಭ್ಯ ಸಿಗುತ್ತದೆ. ಆದರೆ ವಿವರ ಓದಿ. ಕೆಲವು ಅಗ್ಗದವುಗಳ ಸಾಕೆಟ್ಟಿನ ತೂತು ಎಷ್ಟು ಕಿರಿದೆಂದರೆ ಒಂದೇ ಬ್ರ್ಯಾಂಡಿನ ತೆಳುಕಾಲಿನ ಸ್ವಿಚ್ಚು ಮಾತ್ರ ಹಿಡಿಸುತ್ತದೆ. ‘3 ಪಿನ್ ಮತ್ತು 5 ಪಿನ್ ಎರಡೂ ಹೊಂದುತ್ತವೆ’ ಎಂದಿದ್ದರೆ ನೆಮ್ಮದಿ.

ಬದಲಿಸುವಾಗ ಆತುರ ಬೇಡ. ಜೊತೆಗೆ ಕೊಟ್ಟ ಚಿಮುಟದಿಂದ ಸ್ವಿಚ್ಚಿನ ಮೇಲೆ ಕೆಳಗೆ ಇರುವ ಕೊಂಡಿಗಳನ್ನು ಅಮುಕಿ ನೆಟ್ಟಗೆ ಎತ್ತಬೇಕು, ಓರೆ ಮಾಡಬಾರದು. ಹೊಸದರ ಬುಡ ತಿರುಗಿಸಿ ನೋಡಿದರೆ ಹೇರ್‌ಪಿನ್ನಿಗಿಂತ ತೆಳುವಾದ ಎರಡು ಲೋಹದ ಕಾಲುಗಳು ಕಾಣುತ್ತವೆ. ನಾನು ಮೊದಲ ದಿನ ಹದಿನಾರು ಸ್ವಿಚ್ಚು ಕೂರಿಸಿ, ‘ಮ’ ಬಾರದೆ ಅರ್ಧ ಗಂಟೆ ಒದ್ದಾಡಿದೆ. ಕಿತ್ತು ನೋಡಿದರೆ ಒಂದು ಕಾಲು ಸಾಕೆಟ್ಟಿಗೆ ಇಳಿಯದೆ ಬುಡಕ್ಕೆ ಚಪ್ಪಟೆಯಾಗಿ ಮಡಚಿಕೊಂಡಿತ್ತು. ಹುಬ್ಬಿನ ಕೂದಲು ಕೀಳುವ ಟ್ವೀಜರ್‌ನಿಂದ ನೇರ ಮಾಡಿ ಕೂರಿಸಿದ ಮೇಲೆ ‘ಮ’ ಬಂತು. ಕೂರಿಸುವ ಮುಂಚೆ ಕಾಲು ನೇರವಾಗಿದೆಯೇ ಎಂದು ಒಂದೊಂದನ್ನೂ ಕಣ್ಣಾರೆ ನೋಡಿ.

ಈಗ ಬನ್ನಿ, ಬಣ್ಣಕ್ಕೆ

ಕೆಂಪು, ಕಂದು, ನೀಲಿ ಎಂಬುದು ಚೆರ್ರಿ ತನ್ನ ಸ್ವಿಚ್ಚಿನೊಳಗಿನ ಪ್ಲಸ್ ಆಕಾರದ ಪ್ಲಾಸ್ಟಿಕ್ ತುಂಡಿಗೆ ಕೊಟ್ಟ ಬಣ್ಣ. ಕೆಂಪು ನುಣ್ಣಗೆ ಇಳಿಯುತ್ತದೆ, ಎಲ್ಲೂ ತಡೆಯಿಲ್ಲ. ಇದನ್ನು ಲಿನಿಯರ್ ಎನ್ನುತ್ತಾರೆ. ಒತ್ತಲು ಬೇಕಾದ್ದು ಸುಮಾರು 45 ಗ್ರಾಂ ಬಲ. ಕಂದು ಟ್ಯಾಕ್ಟೈಲ್, ಅಕ್ಷರ ಮೂಡುವ ಹೊತ್ತಿಗೆ ಬೆರಳಿಗೆ ಒಂದು ಸಣ್ಣ ಉಬ್ಬು ತಾಗುತ್ತದೆ. ನೀಲಿ ಕ್ಲಿಕಿ, ಉಬ್ಬಿನ ಜೊತೆ ಸದ್ದೂ ಇದೆ, ಬಲವೂ 60 ಗ್ರಾಂ. ನೀಲಿಯೊಳಗೆ ಆ ತುಂಡು ಎರಡು ಭಾಗವಾಗಿದ್ದು, ಕೆಳಗಿನ ತೋಳು ಒಮ್ಮೆಲೇ ಕಳಚಿ ತಳಕ್ಕೆ ಬಡಿಯುತ್ತದೆ. ಅಮ್ಮನಿಗೆ ಕೇಳಿಸಿದ ಅಡಕತ್ತರಿ ಅದೇ. ಮೆಲ್ಲಗೆ ಒತ್ತಿದರೂ ಅದು ಸುಮ್ಮನಿರುವುದಿಲ್ಲ.

ಬೇರೆ ಕಂಪನಿಗಳವರೂ ಈ ಮೂರು ಬಣ್ಣಗಳ ಅರ್ಥವನ್ನು ಸಾಮಾನ್ಯವಾಗಿ ಉಳಿಸಿಕೊಂಡಿದ್ದಾರೆ. ಇವನ್ನು ಬಿಟ್ಟರೆ ಹಳದಿ, ನೇರಳೆ, ಗುಲಾಬಿ, ಐಸ್‌ಕ್ರೀಮಿನ ಹೆಸರಿನವು ಎಲ್ಲಕ್ಕೂ ಅವರವರದೇ ಅರ್ಥ. ಬಣ್ಣ ಬಿಟ್ಟು ಮೂರು ಸಂಗತಿ ಓದಿ: ಲಿನಿಯರೋ ಟ್ಯಾಕ್ಟೈಲೋ ಕ್ಲಿಕಿಯೋ, ಎಷ್ಟು ಗ್ರಾಂ, ಎಷ್ಟು ಮಿಲಿಮೀಟರಿಗೆ ಅಕ್ಷರ ಮೂಡುತ್ತದೆ.

ಆಟಕ್ಕೆ ಲಿನಿಯರ್, ಟೈಪಿಂಗಿಗೆ ಟ್ಯಾಕ್ಟೈಲ್ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅರ್ಧ ನಿಜ. ಕನ್ನಡದಲ್ಲಿ ಕೀಲಿ ಒತ್ತುವ ಲೆಕ್ಕವೇ ಜಾಸ್ತಿ. ಕಗಪದಲ್ಲಿ ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ. ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಶಿಫ್ಟನ್ನೂ ಸೇರಿಸಿದರೆ ಏಳು. ಒತ್ತಕ್ಷರ ಬಂದಾಗಲೆಲ್ಲ ಎಫ್‌ಗೆ ಪೆಟ್ಟು. ನನ್ನ ಹಳೆಯ ಕೀಬೋರ್ಡಿನಲ್ಲಿ ಮೊದಲು ಅಳಿಸಿಹೋದ ಅಕ್ಷರ ಎಫ್ಫೇ. ದಿನಕ್ಕೆ ಹತ್ತು ಪುಟ ಬರೆಯುವವರಿಗೆ 60 ಗ್ರಾಂ ಭಾರವೆನಿಸುತ್ತದೆ. ತೀರಾ ಹಗುರಾದರೆ ಕೀಲಿಯ ಮೇಲೆ ಬೆರಳು ಒರಗಿದ್ದಕ್ಕೇ ಬೇಡದ ಅಕ್ಷರ ಮೂಡುತ್ತದೆ. 45ರಿಂದ 55ರ ನಡುವೆ ಹಿಡಿಯಿರಿ. ರಾತ್ರಿ ಕೆಲಸವಿದ್ದರೆ ‘ಸೈಲೆಂಟ್’ ಎಂದು ಬರೆದ ಸ್ವಿಚ್ಚು ತನ್ನಿ. ಅದರೊಳಗೆ ಪುಟಾಣಿ ರಬ್ಬರ್ ತುಣುಕು ಇದ್ದು ಬಡಿತವನ್ನು ನುಂಗುತ್ತದೆ. ಕೀಬೋರ್ಡಿನ ಕೆಳಗೆ ದಪ್ಪ ಡೆಸ್ಕ್ ಮ್ಯಾಟ್ ಹಾಸಿದರೂ ಸದ್ದು ಎಷ್ಟೋ ತಗ್ಗುತ್ತದೆ.

ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡಿಗೆ ಒಂದು ಮಧ್ಯಾಹ್ನ ಹೋಗಿ ಬೆರಳಿಟ್ಟು ನೋಡಿ. ಊರಿನಲ್ಲಿರುವವರು ಆನ್‌ಲೈನಿನಲ್ಲಿ ಸಿಗುವ ಸ್ವಿಚ್ ಟೆಸ್ಟರ್ ತರಿಸಬಹುದು. ಪುಟ್ಟ ಪಟ್ಟಿಯ ಮೇಲೆ ಬಗೆಬಗೆಯ ಸ್ವಿಚ್ಚು ಜೋಡಿಸಿರುತ್ತಾರೆ.

ಆಡುವವರಿಗಷ್ಟೇ

ಸಾಮಾನ್ಯ ಕೀಬೋರ್ಡಿನಲ್ಲಿ ಡಬ್ಲ್ಯು, ಎ, ಶಿಫ್ಟ್, ಸ್ಪೇಸ್ ಒಟ್ಟಿಗೆ ಒತ್ತಿದರೆ ಒಂದು ಕೀಲಿ ದಾಖಲಾಗದೆ ಹೋಗುವುದುಂಟು. ‘ಎನ್-ಕೀ ರೋಲ್‌ಓವರ್’ ಇದ್ದರೆ ಎಷ್ಟು ಒತ್ತಿದರೂ ಎಲ್ಲವೂ ದಾಖಲಾಗುತ್ತವೆ. ಇದು ಬೇಕೇ ಬೇಕು. ಪೋಲಿಂಗ್ ರೇಟ್ 1000 ಹರ್ಟ್ಸ್ ಎಂದರೆ ಮಿಲಿಸೆಕೆಂಡಿಗೊಮ್ಮೆ ಕೀಬೋರ್ಡು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. 8000 ಎಂದರೆ 0.125 ಮಿಲಿಸೆಕೆಂಡಿಗೊಮ್ಮೆ. ಮುಂಬೈ ಸರ್ವರಿಗೆ ಹೋಗಿಬರಲು ಹತ್ತಾರು ಮಿಲಿಸೆಕೆಂಡು ಹಿಡಿಯುವ ಮನೆಯ ವೈಫೈನಲ್ಲಿ ಕೂತು ಇದಕ್ಕೆ ದುಡ್ಡು ಸುರಿಯುವುದು ನನಗೆ ಸರಿಕಾಣದು. ಮಗ ಒಪ್ಪುವುದಿಲ್ಲ. ತಂತಿಯಿಲ್ಲದ್ದೇ ಬೇಕೆಂದರೆ ಆಟಕ್ಕೆ 2.4 ಗಿಗಾಹರ್ಟ್ಸ್ ಡಾಂಗಲ್ ಬಳಸಿ, ಬ್ಲೂಟೂತ್ ಬರೆಯುವ ಕೆಲಸಕ್ಕಿರಲಿ.

ಹೊಸ ಸೆಳೆತ ಎಂದರೆ ಹಾಲ್ ಎಫೆಕ್ಟ್. ಇಲ್ಲಿ ಲೋಹ ಲೋಹಕ್ಕೆ ತಾಗುವುದಿಲ್ಲ. ಸ್ವಿಚ್ಚಿನೊಳಗಿನ ಅಯಸ್ಕಾಂತ ಎಷ್ಟು ಇಳಿಯಿತೆಂದು ಸೆನ್ಸರು ಅಳೆಯುತ್ತದೆ. ಎಷ್ಟು ಆಳಕ್ಕೆ ಕೀಲಿ ಕೆಲಸ ಮಾಡಬೇಕೆಂದು ನೀವೇ ಹೇಳಬಹುದು, ಕೆಲವದರಲ್ಲಿ 0.1 ಮಿಲಿಮೀಟರಿನಷ್ಟು ಮೇಲಕ್ಕೂ. ರ‍್ಯಾಪಿಡ್ ಟ್ರಿಗರ್ ಎಂಬ ಸೌಲಭ್ಯದಿಂದ ಬೆರಳು ಕೊಂಚ ಎತ್ತಿದರೂ ಕೀಲಿ ಬಿಟ್ಟಂತೆ ಲೆಕ್ಕ. ಓಡುತ್ತಾ ಥಟ್ಟನೆ ನಿಂತು ಗುಂಡು ಹಾರಿಸಬೇಕಾದ ಆಟಗಳಲ್ಲಿ ಇದು ನಿಜಕ್ಕೂ ಉಪಯೋಗ. ಆದರೆ ಅದೇ 0.1ರಲ್ಲಿ ಟೈಪು ಮಾಡಲು ಕೂತರೆ ಬೆರಳಿನ ನಡುಕವೂ ಅಕ್ಷರವಾಗುತ್ತದೆ. ಬರವಣಿಗೆಗೆ 1.5ರಿಂದ 2 ಮಿಲಿಮೀಟರಿನ ಬೇರೆ ಪ್ರೊಫೈಲ್ ಇಟ್ಟುಕೊಳ್ಳಿ. ಇವುಗಳ ಸ್ವಿಚ್ಚಿಗೂ ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್ಚಿಗೂ ಸಾಮಾನ್ಯವಾಗಿ ಅದಲುಬದಲು ನಡೆಯದು. ಎಡ ಬಲ ಕೀಲಿಗಳೆರಡನ್ನೂ ಒತ್ತಿದಾಗ ಕೊನೆಯದನ್ನೇ ಹಿಡಿಯುವ ‘ಸ್ನ್ಯಾಪ್ ಟ್ಯಾಪ್’ ಬಗೆಯ ಸೌಲಭ್ಯವನ್ನು ದೊಡ್ಡದಾಗಿ ಜಾಹೀರಾತು ಮಾಡುತ್ತಾರೆ. ಕೌಂಟರ್ ಸ್ಟ್ರೈಕ್ 2ರ ಅಧಿಕೃತ ಸರ್ವರುಗಳಲ್ಲಿ ವಾಲ್ವ್ 2024ರ ಆಗಸ್ಟಿನಿಂದಲೇ ಅದಕ್ಕೆ ಅವಕಾಶ ಕೊಡುತ್ತಿಲ್ಲ. ಬಳಸಿದರೆ ಪಂದ್ಯದಿಂದ ಹೊರಹಾಕುತ್ತದೆ.

ಉಳಿದ ಚಿಲ್ಲರೆ

ಕೀಕ್ಯಾಪ್ ಪಿಬಿಟಿ ಪ್ಲಾಸ್ಟಿಕ್ಕಿನದಾಗಿರಲಿ. ಎಬಿಎಸ್‌ನವು ಕೆಲವು ತಿಂಗಳಿಗೇ ಬೆರಳಿನ ಜಿಡ್ಡಿಗೆ ಎಣ್ಣೆ ಬಳಿದಂತೆ ಹೊಳೆಯತೊಡಗುತ್ತವೆ. ಅಕ್ಷರ ಅಳಿಸಬಾರದೆಂದರೆ ಡಬಲ್ ಶಾಟ್, ಅಂದರೆ ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದದ್ದು ಕೇಳಿ. ದೀಪಗಳ ಬಗ್ಗೆ ನನಗೆ ಹೇಳುವುದೇನಿಲ್ಲ, ಆರಿಸುವ ಬಟನ್ ಇದ್ದರೆ ಸಾಕು. ‘ವಿಯಾ’ ತಂತ್ರಾಂಶ ಹೊಂದುತ್ತದೆ ಎಂದಿದ್ದರೆ ಬಿಡಬೇಡಿ, ಯಾವ ಕೀಲಿಗೆ ಯಾವ ಕೆಲಸ ಎಂದು ನೀವೇ ಬದಲಿಸಬಹುದು. ನಾನು ಯಾವತ್ತೂ ಮುಟ್ಟದ ಕ್ಯಾಪ್ಸ್ ಲಾಕನ್ನು ಸ್ಕ್ರಾಲ್ ಲಾಕ್ ಮಾಡಿಕೊಂಡಿದ್ದೇನೆ. ಈಗ ಎಡಗೈ ಎತ್ತದೆಯೇ ಕನ್ನಡಕ್ಕೆ ದಾಟುತ್ತೇನೆ. ಇವು ಎತ್ತರದ ಕೀಬೋರ್ಡುಗಳಾದ್ದರಿಂದ ಹಿಂದಿನ ಕಾಲು ಮಡಚಿಯೇ ಇಡಿ. ಮಣಿಕಟ್ಟು ಮೇಲಕ್ಕೆ ಬಾಗುತ್ತಿದ್ದರೆ ರಿಸ್ಟ್ ರೆಸ್ಟ್ ಇಟ್ಟುಕೊಳ್ಳಿ.

ಪೆಟ್ಟಿಗೆ ಮನೆಗೆ ಬಂದ ದಿನ

ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ, ಹಿಂದಿರುಗಿಸುವಾಗ ಅದೇ ಸಾಕ್ಷಿ. ಆನ್‌ಲೈನಿನ ಕೀಬೋರ್ಡ್ ಟೆಸ್ಟರ್ ಪುಟ ತೆರೆದು ಒಂದೊಂದು ಕೀಲಿಯನ್ನೂ ಒತ್ತಿ. ಒಮ್ಮೆ ಒತ್ತಿದ್ದಕ್ಕೆ ಎರಡು ಅಕ್ಷರ ಬರುತ್ತಿದೆಯೇ ನೋಡಿ. ಸ್ಪೇಸ್‌ಬಾರ್, ಎಡ ಶಿಫ್ಟ್, ಎಂಟರ್‌ಗಳ ಎರಡೂ ತುದಿ ಮೆಲ್ಲಗೆ ತಟ್ಟಿ. ತಗಡಿನಂತೆ ಗಲಗಲ ಎಂದರೆ ಒಳಗಿನ ಸ್ಟೆಬಿಲೈಸರ್ ಒಣಗಿದೆ. ಕೀಕ್ಯಾಪ್ ತೆಗೆದು ತಂತಿ ಕೂರುವ ಜಾಗಕ್ಕೆ ಡೈಎಲೆಕ್ಟ್ರಿಕ್ ಗ್ರೀಸನ್ನು ಬೆಂಕಿಕಡ್ಡಿ ತುದಿಯಿಂದ ಸಾಸಿವೆಯಷ್ಟು ಹಚ್ಚಿದರೆ ಸರಿಹೋಗುತ್ತದೆ. ಅಡುಗೆ ಎಣ್ಣೆ ಬಿಡಬೇಡಿ, ಜಿಡ್ಡುಗಟ್ಟುತ್ತದೆ, ಇರುವೆಯನ್ನೂ ಕರೆಯುತ್ತದೆ.

ನಮ್ಮ ಮೇಜಿನ ಮೇಲೆ ಈಗಿರುವುದು ಹಾಟ್‌ಸ್ವಾಪ್ ಇರುವ ಟಿಕೆಎಲ್. ಉದ್ದಕ್ಕೂ ಸೈಲೆಂಟ್ ಟ್ಯಾಕ್ಟೈಲ್ ಸ್ವಿಚ್ಚು, ಡಬ್ಲ್ಯು, ಎ, ಎಸ್, ಡಿ ನಾಲ್ಕಕ್ಕೆ ಮಾತ್ರ ಮಗ ಹಗುರಾದ ಲಿನಿಯರ್ ಹಾಕಿಕೊಂಡಿದ್ದಾನೆ. ‘ದಾಸ’ ಎಂದು ಟೈಪಿಸುವಾಗಲೆಲ್ಲ ಬೆರಳು ಜಾರಿದಂತಾಗುತ್ತದೆ. ತೆಗೆದ ನಾಲ್ಕು ಸ್ವಿಚ್ಚು ಡ್ರಾಯರಿನಲ್ಲಿವೆ, ಪರೀಕ್ಷೆ ಮುಗಿಯುವವರೆಗೆ ಆಟ ಬಂದ್ ಎಂದಾಗ ಹಾಕಿಕೊಳ್ಳುತ್ತೇನೆ.