ಅಟ್ಟದ ಮೇಲಿನ ಕಾಯಿ, ಮಳಿಗೆಯ ಕೆಂಪು ಕಾರು

ಗುಂಡಿ ಒತ್ತಿ ಹಿಡಿದರೆ ಸಾಕು, ಸುಮಾರು 20 ಸೆಕೆಂಡಿನಲ್ಲಿ ಚಾವಣಿ ಎರಡಾಗಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂರುತ್ತದೆ. 2023ರ ಜೂನ್‌ನಲ್ಲಿ ಬೆಂಗಳೂರಿನ ಹಳೆ ಕಾರುಗಳ ಮಳಿಗೆಯೊಂದರಲ್ಲಿ ಮಾರಾಟದ ಹುಡುಗ ಇದನ್ನು ಮೂರು ಸಲ ಮಾಡಿ ತೋರಿಸಿದ. ಎರಡನೆಯ ಸಲವನ್ನೂ ಮೂರನೆಯ ಸಲವನ್ನೂ ಯಾರೂ ಕೇಳಿರಲಿಲ್ಲ. ಎದುರಿಗೆ ನಿಂತ ಗಿರಾಕಿಯ ಬಾಯಿ ತೆರೆದೇ ಇತ್ತು, ಅಷ್ಟೇ. ಆ ಗಿರಾಕಿ ಈ ಅಂಕಣಕಾರ. ಕಾರು 2013ರ ಕೆಂಪು ಬಿಎಂಡಬ್ಲ್ಯು ಝಡ್4. ಎರಡೇ ಸೀಟು. ಬೆಲೆ 26 ಲಕ್ಷ ರೂಪಾಯಿ.

ಆಸೆ ನಿನ್ನೆ ಮೊನ್ನೆಯದಲ್ಲ. 1990ರ ದಶಕದ ಕೊನೆಗೆ ಭಾರತದಲ್ಲೇ ‘ಸ್ಯಾನ್ ಸ್ಟಾರ್ಮ್’ ಎಂಬ ಪುಟ್ಟ ಕಾರೊಂದು ಬಂದಿತ್ತು. ಗೋವಾದಲ್ಲಿ ತಯಾರಿ, ಫೈಬರ್ ಮೈ, ರೆನೊ ಎಂಜಿನ್, ಇಬ್ಬರಿಗಷ್ಟೇ ಜಾಗ. ಕೊಂಡವರು ಕಡಿಮೆ. ಅಂಥದೊಂದು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹಾದುಹೋದಾಗ ಕಾಲೇಜು ಹುಡುಗನೊಬ್ಬ ಸೈಕಲ್ ತುಳಿದುಕೊಂಡು ಅದರ ಹಿಂದೆ ಹೋಗಿದ್ದ. ನಲವತ್ತು ದಾಟಿದ ಮೇಲೂ ಅವನು ಇಳಿದಿರಲಿಲ್ಲ.

ಮಳಿಗೆಯಲ್ಲೇ ಸಾಲದ ಏಜೆಂಟ್ ಕೂತಿದ್ದ. ಆರು ಲಕ್ಷ ಕೈಯಿಂದ ಹಾಕಿದರೆ ಉಳಿದ 20 ಲಕ್ಷಕ್ಕೆ ಸಾಲ. ಶೇ 13ರ ಬಡ್ಡಿ, ಐದು ವರ್ಷ, ತಿಂಗಳಿಗೆ 45,506 ರೂಪಾಯಿ. ‘ದಿನಕ್ಕೆ ಒಂದೂವರೆ ಸಾವಿರ ಅಂದ್ಕೊಳ್ಳಿ ಸಾರ್’ ಎಂದ. ಹಾಗೆ ಅಂದುಕೊಂಡರೆ ನಿಜಕ್ಕೂ ಸುಲಭ ಅನ್ನಿಸುತ್ತದೆ. ಐದು ವರ್ಷಕ್ಕೆ ಬಡ್ಡಿಯೇ 7.3 ಲಕ್ಷ ಎಂದು ಅವನು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಆ ಹೊತ್ತಿಗೆ ಅಂಕಣಕಾರನ ತಲೆಯ ಮೇಲೆ ಮೂರು ಸಾಲವಿತ್ತು. ಮೊದಲನೆಯದು ಮನೆಯದು: 2021ರಲ್ಲಿ ಶೇ 6.9ರ ದರದಲ್ಲಿ 20 ವರ್ಷಕ್ಕೆ ತೆಗೆದುಕೊಂಡ 30 ಲಕ್ಷ, ಕಂತು 23,079. ಎರಡನೆಯದು ಮನೆಯೊಳಗಿನ ಮರಗೆಲಸಕ್ಕೆಂದು ಶೇ 14ಕ್ಕೆ ಪಡೆದ ಎಂಟು ಲಕ್ಷದ ವೈಯಕ್ತಿಕ ಸಾಲ, ಕಂತು 18,614. ಎರಡು ವರ್ಷ ಕಟ್ಟಿದ ಮೇಲೂ 5.45 ಲಕ್ಷ ಅಸಲು ಉಳಿದಿತ್ತು. ಮೂರನೆಯದಕ್ಕೆ ಕಂತೂ ಇಲ್ಲ, ಬಡ್ಡಿಯೂ ಇಲ್ಲ, ಕಾಗದವೂ ಇಲ್ಲ. ಅದರ ಮಾತು ಆಮೇಲೆ.

ಕೈಗೆ ಬರುತ್ತಿದ್ದ ಸಂಬಳ 1.4 ಲಕ್ಷ. ಅದರಲ್ಲಿ ಶೇ 30ರಷ್ಟು ಆಗಲೇ ಕಂತಿಗೆ ಹೋಗುತ್ತಿತ್ತು. ಕಾರಿನದೂ ಸೇರಿದರೆ 87,199, ಅಂದರೆ ಶೇ 62. ವಾಹನಕ್ಕೆ ಶೇ 20 ಮುಂಗಡ ಕೊಡು, ನಾಲ್ಕು ವರ್ಷದೊಳಗೆ ಸಾಲ ತೀರಿಸು, ಒಟ್ಟು ಖರ್ಚು ಆದಾಯದ ಶೇ 10 ಮೀರದಿರಲಿ ಎಂಬ ಸೂತ್ರವೊಂದು ಅಮೆರಿಕದ ಸಲಹೆಗಾರರಲ್ಲಿ ಚಾಲ್ತಿಯಲ್ಲಿದೆ. ಅದರ ಎದುರು ಈ ಲೆಕ್ಕ ಇಟ್ಟರೆ ನಗು ಬರುತ್ತದೆ.

ಮನೆ ಸಾಲ ಸುಮ್ಮನೆ ಬಿದ್ದಿದೆ ಎಂಬ ಭ್ರಮೆ ಬೇರೆ ಇತ್ತು. ಕಂತು ಏರಿರಲಿಲ್ಲವಲ್ಲ! ಆದರೆ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತ್ತು. ರೆಪೊಗೆ ಜೋಡಿಸಿದ್ದ ಸಾಲದ ದರವೂ ಶೇ 9.4 ಆಯಿತು. ಬ್ಯಾಂಕು ಕಂತನ್ನು ಮುಟ್ಟದೆ ಅವಧಿಯನ್ನು ಎಳೆಯಿತು. ಕಂತಿನ ವಿವರದ ಪಟ್ಟಿ ತರಿಸಿ ನೋಡಿದರೆ 23,079ರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 500 ರೂಪಾಯಿಯ ಆಸುಪಾಸು! ಉಳಿದದ್ದೆಲ್ಲ ಬಡ್ಡಿ. ಅದೇ ವರ್ಷದ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂದು ಸಾಲಗಾರನನ್ನೇ ಕೇಳಬೇಕು ಎಂದು ಬ್ಯಾಂಕುಗಳಿಗೆ ಸೂಚಿಸಿತು. ಈ ಒಂದು ಪಟ್ಟಿಯನ್ನು ಓದುಗರು ಇವತ್ತೇ ತರಿಸಿಕೊಂಡರೆ ಅಂಕಣ ಬರೆದದ್ದಕ್ಕೆ ಸಾರ್ಥಕ.

ಇನ್ನು ಕಾರಿನ ವಿಷಯ. ಹಳೆಯದನ್ನು ಕೊಳ್ಳುವುದರಲ್ಲಿ ಜಾಣತನವಿಲ್ಲವೆಂದಲ್ಲ. ವಿಮೆಯ ಲೆಕ್ಕದಲ್ಲೇ ಕಾರಿನ ಮೌಲ್ಯ ಐದನೆಯ ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಆ ಪೆಟ್ಟನ್ನು ಮೊದಲ ಒಡೆಯ ತಿಂದಿರುತ್ತಾನೆ. ಆದರೆ ಹತ್ತು ವರ್ಷ ದಾಟಿದ ಕಾರಿಗೆ ಬಿಡಿಭಾಗದ ಪೂರ್ತಿ ಹಣ ಕೊಡುವ ವಿಮೆ ಸಿಗುವುದು ಕಷ್ಟ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಡಿತ. ಅಷ್ಟು ಹಳೆಯ ಕಾರಿನ ಲೋಹದ ಭಾಗಕ್ಕೂ ಅರ್ಧವೇ. ಬೆಂಗಳೂರಿನ ಒಂದು ಹಂಪ್‌ಗೆ ಮುಂದಿನ ಬಂಪರ್ ತಾಗಿದರೆ ಅರ್ಧ ಖರ್ಚು ಮನೆಯಿಂದಲೇ. ಸ್ಟೆಪ್ನಿ ಇಲ್ಲ, ಗಾಳಿ ಹೋದರೂ ಒಂದಿಷ್ಟು ದೂರ ಓಡುವ ದುಬಾರಿ ಟೈರುಗಳೇ ಬೇಕು.

ಮೇಲಾಗಿ ಆ ಕಾರು ಹೊರರಾಜ್ಯದ ನೋಂದಣಿಯದು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಹೊರಗಿನಿಂದ ತಂದ ಕಾರಿಗೆ ಅದು ಹಳೆಯದಾದಷ್ಟೂ ತೆರಿಗೆ ಕಡಿಮೆಯಾಗುತ್ತದೆ, ಮಾಫಿಯಂತೂ ಆಗುವುದಿಲ್ಲ. ‘ಅದನ್ನೆಲ್ಲ ಯಾರು ಕೇಳ್ತಾರೆ ಸಾರ್’ ಎಂದಿದ್ದ ಹುಡುಗ. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದನ್ನು ಬೆಂಗಳೂರಿನ ಸಾರಿಗೆ ಅಧಿಕಾರಿಗಳು ತಡೆದು ಕೇಳಿದರು. ಒಡೆಯರು ದಂಡ ಸೇರಿ 1.42 ಕೋಟಿ ರೂಪಾಯಿ ಕಟ್ಟಿದರು.

ಇಷ್ಟೆಲ್ಲ ಗೊತ್ತಾದ ಮೇಲೂ ಆಸೆ ಸಾಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅಂಕಿಗಳಿಗೆ ಆ ಶಕ್ತಿ ಇಲ್ಲ. ಬೋನಸ್ ಬರುತ್ತದೆ, ದರ ಇಳಿಯುತ್ತದೆ, ಪೆಟ್ರೋಲಿಗೆ ವಾರಕ್ಕೊಮ್ಮೆ ತಾನೆ ಎಂದು ಎಕ್ಸೆಲ್ ಹಾಳೆಯಲ್ಲಿ ಬೇಕಾದ ಹಾಗೆ ತಿದ್ದಬಹುದು. ಅಂಕಣಕಾರ ತಿದ್ದಿದ. ಮುಂಗಡ ಕೊಡುವ ಶನಿವಾರವೂ ನಿಗದಿಯಾಯಿತು.

ಶುಕ್ರವಾರ ರಾತ್ರಿ ತಿಪಟೂರಿನ ಹತ್ತಿರದ ಊರಿನಿಂದ ಅಕ್ಕನ ಫೋನ್ ಬಂತು.

‘ಕಾರ್ ತಗೋತಿದೀಯಂತಲ್ಲೋ? ಒಳ್ಳೇದಾಗ್ಲಿ. ಊರಿಗೆ ಬಂದಾಗ ನಿಮ್ ಭಾವನ್ನೂ ಒಂದ್ ರೌಂಡು ಕೂರಿಸ್ಕೊಂಡ್ ಹೋಗು.’

ಮೂರನೆಯ ಸಾಲ ಭಾವನದು. 2021ರಲ್ಲಿ ಮನೆಯ ನೋಂದಣಿಗೆ ನಾಲ್ಕು ಲಕ್ಷ ಸಾಲದೆ ಬಂದಾಗ ಕೊಬ್ಬರಿ ಮಾರಿದ ದುಡ್ಡನ್ನು ಅವರು ಕಳಿಸಿದ್ದರು. ಪಂಚೆಯ ಗಂಟಿನಲ್ಲಲ್ಲ, ಬ್ಯಾಂಕಿನ ಮೂಲಕವೇ. 20,000 ಅಥವಾ ಅದಕ್ಕೂ ಮೇಲಿನ ಕೈಗಡವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾಯ್ದೆ ಬಿಡುವುದಿಲ್ಲ ಎಂದು ಅವರೇ ತಿಳಿಸಿಕೊಟ್ಟಿದ್ದರು. ವಾಪಸಿನ ಮಾತು ಎರಡು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಬಡ್ಡಿ ಸೊನ್ನೆಯಾದ್ದರಿಂದ ಎಕ್ಸೆಲ್ ಹಾಳೆಯಲ್ಲಿ ಅದಕ್ಕೆ ಕೊನೆಯ ಸಾಲು ಸಿಕ್ಕಿತ್ತು. ಯಾವಾಗಲಾದರೂ ಕೊಡಬಹುದಾದದ್ದು.

ಮಳೆ, ಬೆಳೆ ಎಂದು ಮಾತು ಹೊರಳಿತು. ‘ಕಾಯಿ ಅಟ್ಟದ ಮೇಲೇ ಇದೆ ಕಣೋ. ರೇಟು ಕೇಳೋ ಹಾಗಿಲ್ಲ’ ಎಂದಳು ಅಕ್ಕ. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾದರೆ ಉಂಡೆ ಕೊಬ್ಬರಿ. 2023ರಲ್ಲಿ ಅದರ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕೆಳಗೆ. ಮಾತಿನ ನಡುವೆ ಇನ್ನೊಂದು ವಿಷಯ ಜಾರಿ ಬಂತು. ಮಗಳ ಕಾಲೇಜಿನ ಫೀಸಿಗೆ ಅಕ್ಕನ ಬಳೆ ಸೊಸೈಟಿಯಲ್ಲಿ ಅಡ ಹೋಗಿ ಆರು ತಿಂಗಳಾಗಿತ್ತು.

ಸೊನ್ನೆ ಬಡ್ಡಿಯ ಸಾಲಕ್ಕೆ ಬಡ್ಡಿ ಹೋಗುತ್ತಲೇ ಇತ್ತು. ಕಟ್ಟುತ್ತಿದ್ದವಳು ಅಕ್ಕ.

ಶನಿವಾರ ಅಂಕಣಕಾರ ಹೋದದ್ದು ಬ್ಯಾಂಕಿಗೆ. ಮುಂಗಡಕ್ಕೆಂದು ಇಟ್ಟಿದ್ದ ಆರು ಲಕ್ಷದ ಠೇವಣಿ ಮುರಿಸಿ, ನಾಲ್ಕು ಲಕ್ಷ ಭಾವನ ಖಾತೆಗೆ ಹಾಕಿ, ಎರಡನ್ನು ಆಪತ್ತಿಗೆಂದು ಉಳಿಸಿಕೊಂಡ. ಶುದ್ಧ ಲೆಕ್ಕದಲ್ಲಿ ಇದು ತಪ್ಪು. ತೆರಿಗೆ ಕಳೆದರೆ ಶೇ 5ನ್ನೂ ಮುಟ್ಟದ ಠೇವಣಿಯಿಂದ ಶೇ 14ರ ಸಾಲವನ್ನು ಮೊದಲು ತೀರಿಸಬೇಕಿತ್ತು. ಅವಧಿಗೆ ಮುಂಚೆ ತೀರಿಸುವ ಶುಲ್ಕ ಕಳೆದರೂ ಲಾಭವೇ. ಈ ಅಂಕಣಕ್ಕೆ ಪತ್ರ ಬರೆಯುವವರಿಗೆಲ್ಲ ಅವನು ಕೊಡುತ್ತಿದ್ದ ಸಲಹೆಯೂ ಅದೇ. ಈಗ ಮಾತ್ರ ಒಂದು ಪ್ರಶ್ನೆ ಮೊದಲು ಕೇಳುತ್ತಾನೆ: ನಿಮಗೆ ಕೈಗಡ ಕೊಟ್ಟವರು ಬೇರೆ ಕಡೆ ಸಾಲ ಮಾಡಿದ್ದಾರೆಯೇ?

ಭಾವ ‘ಇಷ್ಟ್ ಅರ್ಜೆಂಟ್ ಏನಿತ್ತು’ ಎಂದರು. ಸೋಮವಾರ ಬಳೆ ಬಿಡಿಸಿಕೊಂಡು ಬಂದರು.

ವೈಯಕ್ತಿಕ ಸಾಲ ಬೋನಸ್ಸುಗಳಿಂದ 2025ರ ಮಾರ್ಚ್‌ಗೆ ಮುಗಿಯಿತು. ಅಂದಿನಿಂದ ಅದೇ 18,614 ರೂಪಾಯಿ ಆವರ್ತ ಠೇವಣಿಗೆ ಹೋಗುತ್ತಿದೆ. ಮನೆ ಸಾಲ ಅದರ ಪಾಡಿಗೆ ನಡೆದಿದೆ. ಮನೆ ಸಾಲವೊಂದು ಇದ್ದರೆ ಕಾರು ಕೊಳ್ಳಬಾರದೆಂದೇನೂ ಇಲ್ಲ; ಎರಡರ ಕಂತೂ ಸೇರಿ ಸಂಬಳದ ಮೂರನೆಯ ಒಂದು ಭಾಗ ಮೀರದಿದ್ದರೆ ಆಯಿತು ಎಂಬುದು ಈಗಿನ ಅಂದಾಜು. ಠೇವಣಿಗೆ ವರ್ಷಕ್ಕೆ ಜಮೆಯಾಗುವುದು 2.23 ಲಕ್ಷ. ಬಡ್ಡಿ ಬಿಟ್ಟರೆ 26 ಲಕ್ಷಕ್ಕೆ ಹನ್ನೊಂದೂವರೆ ವರ್ಷಕ್ಕೂ ಹೆಚ್ಚು ಬೇಕು. 2013ರಲ್ಲಿ ರಸ್ತೆಗಿಳಿದ ಆ ಕೆಂಪು ಕಾರಿನ ನೋಂದಣಿಗೆ 2028ಕ್ಕೆ ಹದಿನೈದು ವರ್ಷ ತುಂಬುತ್ತದೆ.